ಬೀದರಿನ ಕ್ಷೌರಿಕ, ಮುಐದರಿನ ಪಾಠ

ಕಳೆದ ಶುಕ್ರವಾರ ಏಳು ಮಕ್ಕಳ ಎದುರು ಕುಳಿತು ಒಂದು ಸುಳ್ಳು ಹೇಳಿದೆ. ಹತ್ತೇ ನಿಮಿಷದಲ್ಲಿ ಸಿಕ್ಕಿಬಿದ್ದೆ. ಹಿಡಿದುಕೊಟ್ಟವಳು ನನ್ನ ಮೊಮ್ಮಗಳು ಗೌರಿ.

ಎಂಟು ವರ್ಷದ ಹುಡುಗಿ. ಅವತ್ತಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಸಿಕ್ಕಿಬಿದ್ದದ್ದಕ್ಕೆ ಇಷ್ಟು ಖುಷಿಪಟ್ಟ ಸುಳ್ಳುಗಾರನನ್ನು ನೀವು ನೋಡಿದ್ದೀರಾ?

ನಾವಿರುವುದು ಕತಾರಿನ ಮುಐದರ್ ಎಂಬಲ್ಲಿ, ಒಂದು ವಿಲ್ಲಾದಲ್ಲಿ. ಅದನ್ನು ಅಡ್ಡ ಉದ್ದ ಸೀಳಿ ನಾಲ್ಕು ಸಂಸಾರಕ್ಕೆ ಕೊಟ್ಟಿದ್ದಾರೆ. ನಮ್ಮ ಗೋಡೆಯ ಆಚೆ ಒಂದು ಪಂಜಾಬಿ ಸಂಸಾರ. ಆ ಮನೆಯ ಸೊಸೆ ಹರ್ಲೀನ್ ಪ್ರತಿ ಶುಕ್ರವಾರ ಬೆಳಿಗ್ಗೆ ತಮ್ಮ ಸಿಖ್ಖರ ಮಕ್ಕಳಿಗೆ ಪಾಠ ಮಾಡುತ್ತಾಳೆ. ಗುರುಮುಖಿ ಅಕ್ಷರ, ಎರಡು ಭಜನೆ, ಗುರುಗಳ ಒಂದು ಕತೆ, ಕಡೆಗೆ ಗೋಧಿ ಹಿಟ್ಟಿನ ಶಿರಾ. ದೂರದ ಉಮ್ಮ್ ಸಲಾಲ್‌ನಿಂದಲೂ ಮಕ್ಕಳು ಬರುತ್ತಾರೆ. ನಮ್ಮ ಗೌರಿ ಶಿರಾಕ್ಕಾಗಿ ಹೋಗುತ್ತಾಳೆ. (ಕತೆಗಾಗಿ ಅನ್ನುತ್ತಾಳೆ. ನಂಬಿದ್ದೇನೆ.)

ಅವತ್ತು ಅವಳನ್ನು ಬಿಡಲು ಹೋದವನನ್ನು ಹರ್ಲೀನ್ ಒಳಗೆ ಕರೆದಳು. ತಲೆಗೆ ಕರವಸ್ತ್ರ ಕಟ್ಟಿಕೊಂಡು ಚಾಪೆಯ ಮೇಲೆ ಕುಳಿತೆ.

"ಬಾವೂಜಿ, ನಿಮ್ಮ ಊರು ಯಾವುದು?" ಹಿಂದಿಯಲ್ಲಿ ಕೇಳಿದಳು. ನಮ್ಮ ಕಡೆಯವರಿಗೆ ಹಿಂದಿ ಕಷ್ಟವಲ್ಲ.

"ಬೀದರ್."

ಅವಳ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. "ಬೀದರ್? ನಮ್ಮ ಬೀದರ್?"

ನನಗೆ ನಗು ಬಂತು. ನಲವತ್ತು ವರ್ಷ ನಾನಕ ಝೀರಾ ರಸ್ತೆಯಲ್ಲಿ ಬೆವರು ಸುರಿಸಿದವನು ನಾನು. ಬೀದರ್ ಇವಳದಂತೆ.

"ಅಲ್ಲಿ ಏನು ಮಾಡುತ್ತಿದ್ದಿರಿ?"

ಇಲ್ಲಿ ನನ್ನ ಮಗ ಶಿವುನ ವಿಷಯ ಹೇಳಬೇಕು. ಗ್ಯಾಸ್ ಕಂಪನಿಯಲ್ಲಿ ಇಂಜಿನಿಯರ್. ನಾನು ವಿಮಾನ ಇಳಿದ ದಿನವೇ ಕಾರಿನಲ್ಲಿ ಹೇಳಿದ್ದ: "ಅಪ್ಪಾ, ಯಾರರೆ ಕೇಳಿದ್ರ ಬಿಜಿನೆಸ್ ಇತ್ತು ಅನ್ನು. ಅಷ್ಟ ಸಾಕು. ಬಾಕಿದ್ದು ಇಲ್ಲಿ ಯಾರಿಗಿ ಬೇಕಾಗ್ಯಾದ?"

ನನಗಿದ್ದದ್ದು ಕ್ಷೌರದ ಅಂಗಡಿ. ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ. ಮಗನನ್ನು ಇಂಜಿನಿಯರ್ ಮಾಡಿದ್ದು ಅದೇ ಅಂಗಡಿ. ಆದರೂ ಅವನ ಮಾತು ಮೀರಿರಲಿಲ್ಲ. ಹರ್ಲೀನಳಿಗೂ ಅದನ್ನೇ ಹೇಳಿದೆ: "ಬಿಜಿನೆಸ್, ಬೇಟಿ."

ಗೌರಿ ತಿರುಗಿ ನನ್ನನ್ನು ನೋಡಿದಳು. ಹಿಂದಿನ ದಿನವಷ್ಟೇ ಬಾತ್‌ರೂಮಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ ಅವಳ ಮುಂಗೂದಲು ಕತ್ತರಿಸಿದ್ದೆ.

ಹರ್ಲೀನ್ ಪಾಠ ಶುರು ಮಾಡಿದಳು. ಧರ್ಮಪ್ರಚಾರ ಅಂದರೆ ಮೈಕು, ಪೆಂಡಾಲು, ಕರಪತ್ರ ಎಂದೇ ನಾನು ತಿಳಿದಿದ್ದೆ. ಇವರ ಮೊದಲ ಗುರು ಊರೂರು ನಡೆದರಂತೆ, ಜೊತೆಯಲ್ಲಿ ಒಬ್ಬ ವಾದ್ಯ ನುಡಿಸುವವನು. ಸಿಕ್ಕವರ ಜೊತೆ ಕುಳಿತು ಹಾಡಿ ಮಾತಾಡಿದರಂತೆ. ಹಾಗೆ ನಡೆಯುತ್ತ ಬೀದರಿಗೂ ಬಂದರು, ಅಲ್ಲಿ ಸಿಹಿನೀರಿನ ಝರಿ ಹುಟ್ಟಿತು. ಅಷ್ಟು ನನಗೂ ಗೊತ್ತಿತ್ತು. ಆ ನೀರು ಕುಡಿದಿದ್ದೇನೆ, ಅಲ್ಲಿನ ಗುರುದ್ವಾರದ ಲಂಗರಿನಲ್ಲಿ ಸಾಲಿನಲ್ಲಿ ಕುಳಿತು ಉಂಡಿದ್ದೇನೆ.

ಮುಂದಿನದು ಗೊತ್ತಿರಲಿಲ್ಲ. ಎಷ್ಟೋ ಕಾಲದ ನಂತರ ಹತ್ತನೆಯ ಗುರು ಕತ್ತಿ ಹಿರಿದು ನಿಂತು, ಧರ್ಮಕ್ಕಾಗಿ ತಲೆ ಕೊಡುವವರು ಯಾರು ಎಂದು ಕೇಳಿದರಂತೆ. ತುಂಬಿದ ಸಭೆ. ಒಬ್ಬೊಬ್ಬರಾಗಿ ಐದು ಜನ ಎದ್ದರು. ಒಬ್ಬ ಅಂಗಡಿಯವ, ಒಬ್ಬ ರೈತ, ಒಬ್ಬ ನೀರು ಹೊರುವವ, ಒಬ್ಬ ಬಟ್ಟೆಗೆ ಅಚ್ಚು ಹಾಕುವವ. ಗುರು ಆ ಐವರನ್ನೇ 'ಪ್ರೀತಿಯ ಐವರು' ಎಂದು ಕರೆದು ದೀಕ್ಷೆ ಕೊಟ್ಟರು. ಆಮೇಲೆ ತಾವೇ ಅವರ ಮುಂದೆ ಕೈಮುಗಿದು ದೀಕ್ಷೆ ಬೇಡಿದರು.

"ಐದನೆಯವರು ಯಾರು?" ಹರ್ಲೀನ್ ಮಕ್ಕಳನ್ನು ಕೇಳಿದಳು.

ಏಳೂ ಮಕ್ಕಳು ಒಟ್ಟಿಗೆ ಕೂಗಿದವು: "ಬೀದರಿನ ಕ್ಷೌರಿಕ."

ಇಡೀ ಕತಾರಿನಲ್ಲಿ ಬೀದರಿನ ಕ್ಷೌರಿಕನಿಗೆ ಕೈಮುಗಿಯುವ ಮನೆ ಇದೊಂದೇ ಇದ್ದೀತು. ಅಲ್ಲೇ ಕುಳಿತು ನಾನು ಬಿಜಿನೆಸ್ ಅಂದಿದ್ದೆ.

ಆಗ ಗೌರಿ ಎದ್ದು ನಿಂತಳು. ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದಳು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ತಿಳಿದದ್ದು ಎರಡೇ ಶಬ್ದ: ಮುತ್ಯಾ, ಬಾರ್ಬರ್.

ಯಾರೂ ನಗಲಿಲ್ಲ. ಹರ್ಲೀನ್ ಕೈ ಮುಗಿದಳು. ನನ್ನನ್ನು ಎಬ್ಬಿಸಿ ಮಕ್ಕಳ ಎದುರು, ತನ್ನ ಜಾಗದಲ್ಲಿ ಕೂರಿಸಿದಳು.

"ಸುಳ್ಳು ಯಾಕೆ ಹೇಳಿದಿರಿ, ಬಾವೂಜಿ?"

"ರೂಢಿ ಆಗಿದೆ, ಬೇಟಿ."

ಮಕ್ಕಳ ಪ್ರಶ್ನೆಗಳೇ ಬೇರೆ ಇದ್ದವು. ಆ ಐದನೆಯವರನ್ನು ನೀವು ನೋಡಿದ್ದಿರಾ? ಅವರ ಅಂಗಡಿ ನಿಮ್ಮ ಅಂಗಡಿಯ ಪಕ್ಕದಲ್ಲಿತ್ತಾ? ತಲೆಗೆ ನೀಲಿ ಬಟ್ಟೆ ಸುತ್ತಿದ್ದ ಒಬ್ಬ ಪೋರನಿಗೆ ವ್ಯಾಪಾರದ ಚಿಂತೆ: "ಸಿಖ್ಖರಾದ ಮೇಲೆ ಕೂದಲು ಕತ್ತರಿಸುವಂತಿಲ್ಲ. ಹಾಗಾದರೆ ಅವರ ದುಕಾನ್ ಖಲಾಸಾ?"

"ಖಲಾಸ್," ಅಂದೆ. "ಅದಕ್ಕೇ ಅವರು ದೊಡ್ಡವರು. ನಾನು ನಲವತ್ತು ವರ್ಷ ಮುಚ್ಚಲಿಲ್ಲ."

ಅವತ್ತು ಶಿರಾ ಮೊದಲು ಬಿದ್ದದ್ದು ನನ್ನ ಬೊಗಸೆಗೆ. ಮನೆಗೆ ಬರುವಾಗ ಗೌರಿ ನನ್ನ ಕೈ ಬಿಡಲಿಲ್ಲ. ಇಪ್ಪತ್ತು ಹೆಜ್ಜೆಯ ದಾರಿ. ನಾನು ಬೇಕೆಂತಲೇ ನಿಧಾನ ನಡೆದೆ.

ಶಿವು ಊಟಕ್ಕೆ ಕುಳಿತಿದ್ದ. ಗೌರಿ ಬಾಗಿಲಲ್ಲೇ ಎಲ್ಲ ವರದಿ ಒಪ್ಪಿಸಿದಳು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಅಪ್ಪಾ, ಅಲ್ಲಿ ಆಗಿದ್ದು ಆಯ್ತು. ಮುಂದಿನ ವಾರ ನಮ್ಮ ಕನ್ನಡದ ಮಂದಿ ಊಟಕ್ಕ ಬರ್ತಾರ. ಅವರ ಮುಂದ ಈಕಿ ಬಾಯಿ ತೆಗೀದಂಗ ನೋಡ್ಕೋ."

"ಯಾಕ?"

"ಅವರ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ."

ಮಗನ ಮೇಲೆ ಸಿಟ್ಟು ಬರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅವನು ಏನೇನು ಕೇಳಿಸಿಕೊಂಡು ಬಂದಿದ್ದ ಎಂಬುದು ನನಗೆ ಗೊತ್ತು. ಆದರೆ ಗೌರಿ ಅಪ್ಪನನ್ನೇ ನೋಡುತ್ತಿದ್ದಳು. ಒಂದು ಮನೆಯಲ್ಲಿ ಹೇಳಿದರೆ ಕೈಮುಗಿಯುವ ಮಾತನ್ನು ಇನ್ನೊಂದು ಮನೆಯಲ್ಲಿ ನುಂಗಬೇಕು. ಎಂಟು ವರ್ಷದವಳಿಗೆ ಈ ಪಾಠ ಯಾರು ಬಿಡಿಸಿ ಹೇಳಬೇಕು? ನಾನು ಹೇಳಿಕೊಟ್ಟರೆ ಅವಳೂ ಒಂದು ದಿನ ಬಿಜಿನೆಸ್ ಅನ್ನಲು ಕಲಿಯುತ್ತಾಳೆ.

ಹಾಗಾಗಿ ಅವಳಿಗೆ ಏನೂ ಹೇಳಲಿಲ್ಲ. ಮಗನಿಗೆ ಮಾತ್ರ ಮಾತು ಕೊಟ್ಟೆ: ಊಟಕ್ಕೆ ಬಂದವರ ಮುಂದೆ ನಾನು ತುಟಿ ಬಿಚ್ಚುವುದಿಲ್ಲ.

ಬಿಚ್ಚುವ ಅಗತ್ಯವೂ ಇಲ್ಲ; ಊಟಕ್ಕೆ ಬರುವವರೆಲ್ಲ ಇಲ್ಲಿನ ಕನ್ನಡಿಗರ ಪತ್ರಿಕೆಯಲ್ಲಿ ನಾನು ಬರೆಯುವ ಈ ಅಂಕಣ ಓದುವವರೇ.