ಏಳನೆಯವನಿಗಾಗಿ ಕಾದ ಮಾಯಕ್ಕ

ಖಾನಾಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಲಪ್ರಭೆಯ ಕಡೆಯಿಂದ ಎದ್ದ ಮಂಜು ಕಾಲೇಜಿನ ಗೇಟಿನವರೆಗೂ ಬಂದು ನಿಂತಿದೆ. ಒಳಗಿನ ಉದ್ದನೆಯ ಪಡಸಾಲೆಯಲ್ಲಿ ಕಸಬರಿಗೆಯ ಸದ್ದು ಒಂದೇ ಸಮನೆ ಕೇಳುತ್ತಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಟಾವೆಲ್ ಸುತ್ತಿಕೊಂಡ ಮಾಯಕ್ಕ ಒಂದೊಂದೇ ಕೋಣೆ ಗುಡಿಸುತ್ತ ಬರುತ್ತಿದ್ದಾರೆ. ಬೆಂಚುಗಳ ಕೆಳಗೆ ಬಗ್ಗಿ ಶೇಂಗಾ ಸಿಪ್ಪೆ, ಪೆನ್ನಿನ ಟೋಪಿ, ಹರಿದ ಕಾಗದಗಳನ್ನೆಲ್ಲ ಎಳೆದು ಹೊರಗೆ ತರುತ್ತಾರೆ. ಪಡಸಾಲೆಯ ಕೊನೆಗೆ ಕೀಲಿ ಹಾಕಿದ ಒಂದು ಕೋಣೆ ಇದೆ. ಅದರ ಹೊಸ್ತಿಲವರೆಗೆ ಗುಡಿಸಿ ತಿರುಗುತ್ತಾರೆ.

“ಇದೊಂದ ಖೋಲಿ ಈಗ ಹೊಡಿಯೂದಿಲ್ರಿ. ಆಟದ ಖೋಲಿ. ಕೀಲಿ ಆಫೀಸಿನ್ಯಾಗ ಇಸಕೊಂಡಾರ,” ಎನ್ನುತ್ತಾರೆ. ಬಕೆಟ್ಟಿಗೆ ನೀರು ತರಲು ಹೋಗುತ್ತಾರೆ.

ಮಾಯಕ್ಕ ಈ ಕಾಲೇಜಿನ ಕಸ ಗುಡಿಸುವವರು. ಹಂಗಾಮಿ ಕೆಲಸ, ವರ್ಷ ವರ್ಷ ಮುಂದುವರಿಯುತ್ತ ಬಂದಿದೆ. ಆದರೆ ಕಳೆದ ಮಳೆಗಾಲದಿಂದ ದೀಪಾವಳಿಯವರೆಗೆ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಬೆಳಗಾವಿಯಲ್ಲಿ ನಡೆದ ಕಾಲೇಜುಗಳ ಫುಟ್‌ಬಾಲ್ ಪಂದ್ಯಾವಳಿಗೆ ಈ ಕಾಲೇಜಿನ ತಂಡವನ್ನು ಕರೆದುಕೊಂಡು ಹೋಗಿ ಬಂದವರು ಅವರೇ. ಆ ತಂಡ ಒಂದೂ ಪಂದ್ಯ ಗೆಲ್ಲಲಿಲ್ಲ. ಕೊನೆಯ ಪಂದ್ಯದಲ್ಲಿ ಸೋಲುವುದಕ್ಕೂ ಆಗಲಿಲ್ಲ.

ಅವರದು ತಲೆತಲಾಂತರದಿಂದ ಕುರಿ ಕಾಯುವ ಮನೆತನ. ಗಂಡ ಸೋಮಲಿಂಗ ವರ್ಷದಲ್ಲಿ ಅರ್ಧ ಕಾಲ ಹಿಂಡಿನ ಜೊತೆ ಊರೂರು ತಿರುಗುತ್ತಾರೆ. ಮಾಯಕ್ಕ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಕನ್ನಡವೂ ಮರಾಠಿಯೂ ಅವರಿಗೆ ಎರಡು ಕೈಯಿದ್ದಂತೆ. ಫುಟ್‌ಬಾಲ್ ಮಾತ್ರ ಒಂದಿಷ್ಟೂ ತಿಳಿಯದು, ಈಗಲೂ ತಿಳಿಯದು.

ಹುಡುಗರನ್ನು ಆಡಿಸುತ್ತಿದ್ದ ಪ್ರಸಾದ ಸರ್ ಬೇರೆ ಕಾಲೇಜಿಗೆ ಹೋದ ಮೇಲೆ ಆ ಜಾಗ ಖಾಲಿ ಉಳಿಯಿತು. ತಂಡದ ಹೆಸರು ಮೊದಲೇ ಕೊಟ್ಟಾಗಿತ್ತು. ಕಾಲೇಜಿನವರು ಒಬ್ಬರಾದರೂ ಜೊತೆಗಿರಬೇಕು ಎಂಬುದು ನಿಯಮ. ಅಧ್ಯಾಪಕರಿಗೆ ಒಬ್ಬೊಬ್ಬರಿಗೆ ಒಂದೊಂದು ತೊಂದರೆ. ಕೊನೆಗೆ ಪ್ರಿನ್ಸಿಪಾಲರು ಪಡಸಾಲೆಯಲ್ಲಿ ನೆಲ ಒರೆಸುತ್ತಿದ್ದ ಮಾಯಕ್ಕನನ್ನು ಕರೆದರು.

“ನಾ ಅಂದ್ನಿ, ಸರ, ನನಗ ಚೆಂಡಾಟ ತಿಳಿಯೂದಿಲ್ಲ. ಅದಕ್ಕ ಅವರಂದ್ರು, ನೀ ಏನ ಆಡಬೇಕೇನು? ಬಾಜೂಕ ಕುಂತ ಬಾ, ಅಷ್ಟ. ಆತ ಬಿಡ್ರಿ ಅಂದ್ನಿ.”

ಹುಡುಗರಿಗೆ ಮೊದಮೊದಲು ನಾಚಿಕೆ. ಬೆಳಗಾವಿ ಸ್ಟೇಷನ್ನಿನಲ್ಲಿ ಇಳಿದು ಟಿಳಕವಾಡಿಯ ಓಣಿಗಳಲ್ಲಿ ಮೈದಾನಕ್ಕೆ ನಡೆಯುವಾಗ ಅವರೆಲ್ಲ ಮುಂದೆ ಮುಂದೆ. ಜರ್ಸಿಗಳ ಚೀಲ ಹೊತ್ತ ಮಾಯಕ್ಕ ಹಿಂದೆ. ಮೊದಲ ಪಂದ್ಯದಲ್ಲಿ ಎದುರಾಳಿಗಳು ಗೋಲು ಹೊಡೆದಾಗ ಮಾಯಕ್ಕ ಚಪ್ಪಾಳೆ ತಟ್ಟಿದರು. ಯಾರು ಯಾವ ಕಡೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಂದು ವಾಪಸು ಬರುವ ರೈಲಿನಲ್ಲಿ ಯಾರೂ ಅವರೊಡನೆ ಮಾತಾಡಲಿಲ್ಲ. ಅವರು ಮನೆಯಿಂದ ಕಟ್ಟಿಕೊಂಡು ಬಂದಿದ್ದ ಚುರಮರಿಯನ್ನೂ ಮುಟ್ಟಲಿಲ್ಲ.

ಎರಡನೆಯದೂ ಸೋಲು, ಮೂರನೆಯದೂ ಸೋಲು. ತಂಡಕ್ಕೆ ಇದ್ದದ್ದು ಒಂದೇ ಜೊತೆ ಜರ್ಸಿ. ಪ್ರತಿ ಸಲ ಕೆಸರು ಹತ್ತಿದ ಅಂಗಿಗಳನ್ನು ಮಾಯಕ್ಕ ಮನೆಗೆ ಒಯ್ದು, ನೆನೆಹಾಕಿ, ಕಲ್ಲಿಗೆ ಬಡಿದು ಒಗೆದರು. ಮಳೆಯಲ್ಲಿ ಒಣಗದಿದ್ದಾಗ ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದರು. ಹೊಗೆಯ ವಾಸನೆ ಹತ್ತಿದೆಯೆಂದು ಹುಡುಗರು ಮೂಗು ಮುರಿದರು. ಆದರೆ ಅಷ್ಟು ಹೊತ್ತಿಗೆ ಆಕಾಶ ಎಂಬ ಹುಡುಗ ಚೀಲವನ್ನು ಅವರ ಕೈಯಿಂದ ಇಸಿದುಕೊಳ್ಳತೊಡಗಿದ್ದ.

ನಾಲ್ಕನೆಯ ಪಂದ್ಯದಲ್ಲಿ ಆ ಆಕಾಶನೇ ಒಂದು ಗೋಲು ಹೊಡೆದ. ಇಡೀ ಪಂದ್ಯಾವಳಿಯಲ್ಲಿ ತಂಡದ ಹೆಸರಿಗೆ ಇರುವುದು ಅದೊಂದೇ. ಹುಡುಗರೆಲ್ಲ ಓಡಿ ಬಂದು ಮಾಯಕ್ಕನ ಸುತ್ತ ಕುಣಿದರು. ಅಂದು ರೈಲಿನಲ್ಲಿ ಹಾಡು, ಚುರಮರಿಗೆ ಜಗಳ.

“ನಾ ಅವತ್ತ ಗೆದ್ದೇವಿ ಅಂತನ ತಿಳಕೊಂಡಿದ್ನಿ,” ಎಂದು ಮಾಯಕ್ಕ ಹೇಳುತ್ತಾರೆ. “ಮನಿಗೆ ಬಂದ ದೇವರಿಗೆ ಎಣ್ಣಿ ಹಾಕೀನಿ. ಮರುದಿನ ಗೊತ್ತಾತು, ಅವರು ಐದು ಹೊಡದಿದ್ರಂತ.”

ಅದೇ ಪಂದ್ಯದಲ್ಲಿ ಗೋಲ್‌ಕೀಪರ್ ಮುಜಮ್ಮಿಲನ ಮೊಣಕಾಲಿಗೆ ಪೆಟ್ಟಾಗಿತ್ತು. ಕಾನ್‌ಸ್ಟೆಬಲ್ ಆಗಬೇಕೆಂದು ಎರಡು ವರ್ಷದಿಂದ ದಿನಾಲು ನಸುಕಿನಲ್ಲಿ ನದಿಯ ದಂಡೆಗುಂಟ ಓಡುತ್ತಿದ್ದ ಹುಡುಗ. ತಂದೆ ಟಂಟಂ ರಿಕ್ಷಾ ಓಡಿಸುತ್ತಾರೆ. ತಾಯಿ ಮಮ್ತಾಜ ಮನೆಯಲ್ಲೇ ಕುಳಿತು ಸೀರೆಗಳಿಗೆ ಫಾಲ್ ಹಚ್ಚುತ್ತಾರೆ. ಪೊಲೀಸ್ ಭರ್ತಿಯ ಓಟ ಆ ಚಳಿಗಾಲದಲ್ಲೇ ಇತ್ತು.

ಮುಂದಿನ ಪಂದ್ಯಕ್ಕೆ ಹೋದ ದಿನ ಅವನು ರೈಲಿನಿಂದ ಇಳಿಯುವಾಗ ಕಂಬಿ ಹಿಡಿದು ಒಂದು ಕಾಲನ್ನು ಎಳೆಯುತ್ತಿದ್ದುದನ್ನು ಮಾಯಕ್ಕ ನೋಡಿದರು. ಮೈದಾನದಲ್ಲಿ ಅವನ ಪ್ಯಾಂಟು ಸರಿಸಿ ನೋಡಿದರೆ ಮೊಣಕಾಲು ಬಾತಿದೆ. ತಂಡದ ನಾಯಕ ಸೊಹೈಲನಿಗೆ ಹೇಳಿದರು. “ಬ್ಯಾರೆ ಗೋಲ್‌ಕೀಪರ್ ಎಲ್ಲಿಂದ ತರಲಿ, ಅಕ್ಕಾ?” ಎಂದ ಅವನು. ಮುಜಮ್ಮಿಲನೂ “ಏನಾಗೂದಿಲ್ಲ ಬಿಡ್ರಿ, ಆಡತೀನಿ” ಎಂದ. ಮಾಯಕ್ಕ ಸುಮ್ಮನಾಗಲಿಲ್ಲ. ಸುಣ್ಣದ ಗೆರೆ ದಾಟಿ ನೇರ ರೆಫರಿಯ ಹತ್ತಿರ ಹೋದರು.

“ಸರ, ನಮ್ಮ ಹುಡುಗನ ಕಾಲ ಬಾತೈತಿ. ಅವನ್ನ ಆಡಿಸಬ್ಯಾಡ್ರಿ.”

“ನೀವು ಕೋಚ್ ಏನ್ರಿ?” ಎಂದು ರೆಫರಿ ಕೇಳಿದರು.

ಹಿಂದೆಯೇ ಬಂದಿದ್ದ ಸೊಹೈಲ ಉತ್ತರ ಕೊಟ್ಟ: “ಅಲ್ರಿ ಸರ. ಇವರು ಕಾಲೇಜಿನ್ಯಾಗ ಕಸಾ ಹೊಡಿಯೋರು.”

ಎದುರಾಳಿ ತಂಡದಲ್ಲಿ ಯಾರೋ ನಕ್ಕರು. ರೆಫರಿ ನಗಲಿಲ್ಲ. “ಅಕ್ಕಾರ, ಗೆರಿ ದಾಟಿ ಹೊರಗ ಕುಂದರ್ರಿ” ಎಂದಷ್ಟೇ ಹೇಳಿದರು. ಆಡುತ್ತೇನೆ ಎನ್ನುವ ಹುಡುಗನನ್ನು ಅವರಾದರೂ ಹೇಗೆ ತಡೆದಾರು? ಮಾಯಕ್ಕ ಹೊರಗೆ ಹೋಗಿ ಕುಳಿತರು.

ಎರಡನೆಯ ಅರ್ಧದಲ್ಲಿ ಚೆಂಡಿನ ಜೊತೆ ನುಗ್ಗಿ ಬಂದವನ ಕಾಲಿಗೆ ಮುಜಮ್ಮಿಲ ಅಡ್ಡ ಬಿದ್ದ. ಇಬ್ಬರೂ ಕೆಸರಿನಲ್ಲಿ ಉರುಳಿದರು. ಒಬ್ಬನೇ ಎದ್ದ.

“ಅವನು ಒದರಿದ್ದು ಈಗೂ ಕೇಳಸತೈತ್ರಿ. ಕುರಿ ಮರಿ ತೋಳನ ಬಾಯಾಗ ಸಿಕ್ಕಾಗ ಒದರತೈತಲ್ಲ, ಹಂಗ. ಆಮ್ಯಾಲ ಒದರಲೂ ಇಲ್ಲ.”

ಆಟೋದಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾಯಕ್ಕ ನೆಹರು ನಗರದ ಆಸ್ಪತ್ರೆಗೆ ಒಯ್ದರು. ನೀವು ಯಾರು ಎಂದು ಅಲ್ಲಿಯೂ ಕೇಳಿದರು. “ಕಾಲೇಜಿನೋರು” ಎಂದರು. ಹಾಗೆ ಹೇಳಿದ್ದು ಅದೇ ಮೊದಲು. ಮೊಣಕಾಲಿನೊಳಗಿನ ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಬೇಕು, ವರ್ಷದವರೆಗೆ ಓಡುವ ಮಾತು ಬೇಡ ಎಂದರು ಡಾಕ್ಟರು. ಮುಜಮ್ಮಿಲ ಗೋಡೆಯ ಕಡೆ ಮುಖ ತಿರುಗಿಸಿದ.

ಸಂಜೆ ಖಾನಾಪುರದಿಂದ ಬಂದ ಮಮ್ತಾಜ ವಾರ್ಡಿನ ಬಾಗಿಲಲ್ಲೇ ಮಾಯಕ್ಕನನ್ನು ನಿಲ್ಲಿಸಿ ಕೇಳಿದರು: “ನೀವ ಇದ್ರೆಲ್ಲ ಅಲ್ಲೆ? ಇದ್ದೂ ಯಾಕ ಬಿಟ್ರಿ?”

ರೆಫರಿಯ ಹತ್ತಿರ ಹೋದದ್ದನ್ನು ಮಾಯಕ್ಕ ಹೇಳಲಿಲ್ಲ. ಅದು ಮಮ್ತಾಜರಿಗೆ ಗೊತ್ತಾದದ್ದು ಎಷ್ಟೋ ದಿನಗಳ ನಂತರ, ಸೊಹೈಲನ ಬಾಯಿಂದ. ಅವರ ಮನೆಗೆ ನಾನು ಹೋದಾಗ ಫಾಲ್ ಹಚ್ಚುವುದನ್ನು ನಿಲ್ಲಿಸಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವರು ಹೇಳಿದರು: “ಮಾಯಕ್ಕಂದ ಏನ ಕಸೂರ ಇಲ್ರಿ. ಅದು ನನಗೂ ಗೊತ್ತೈತಿ. ಆದರ ಅವತ್ತ ಕೇಳಾಕ ನನಗ ಬ್ಯಾರೆ ಯಾರೂ ಸಿಗಲಿಲ್ಲ.”

ಆರನೆಯ ಪಂದ್ಯಕ್ಕೆ ಆಕಾಶನೇ ಕೈಗವಸು ಹಾಕಿಕೊಂಡು ಗೋಲಿನಲ್ಲಿ ನಿಂತ. ಎಷ್ಟು ಗೋಲು ಹೋದವು ಎಂಬುದನ್ನು ಹುಡುಗರು ಯಾರೂ ಹೇಳಲು ಒಪ್ಪುವುದಿಲ್ಲ. ಅದಾದ ಮೇಲೆ ಒಬ್ಬೊಬ್ಬರೇ ಬಿಟ್ಟರು. ಮುಜಮ್ಮಿಲನ ಕಾಲು ನೋಡಿ ಬಂದ ತಂದೆತಾಯಂದಿರು ಮಕ್ಕಳನ್ನು ಕಳಿಸಲಿಲ್ಲ. ಕೆಲವರಿಗೆ ಪರೀಕ್ಷೆ, ಕೆಲವರಿಗೆ ಸುಗ್ಗಿ. ಕೊನೆಯ ಪಂದ್ಯದ ದಿನ ಖಾನಾಪುರ ಸ್ಟೇಷನ್ನಿಗೆ ಬಂದವರು ಆರೇ ಮಂದಿ.

ಹೋಗುವುದು ಬೇಡ ಎಂದ ಸೊಹೈಲ. ಏಳು ಮಂದಿಗಿಂತ ಕಡಿಮೆ ಇದ್ದರೆ ಪಂದ್ಯ ಶುರು ಮಾಡುವುದಿಲ್ಲ ಎಂದು ಮಾಯಕ್ಕನಿಗೆ ವಿವರಿಸಿದ. ಅಷ್ಟರಲ್ಲಿ ತಂಡದ ಇನ್ನೊಬ್ಬ ಹುಡುಗ ಯಲ್ಲೇಶನ ಫೋನು ಬಂತು. ತನ್ನೂರಿನಿಂದ ಬಸ್ಸು ಹಿಡಿದು ನೇರ ಮೈದಾನಕ್ಕೇ ಬರುತ್ತೇನೆ ಎಂದ. “ಏಳಾತಲ್ಲ, ನಡೀರಿ,” ಎಂದರು ಮಾಯಕ್ಕ. “ಬರತೇವಿ ಅಂತ ಹೇಳೇವಿ. ಹೋಗೂಣು.”

ಎದುರಾಳಿಗಳು ಆಗಲೇ ಮೈದಾನದಲ್ಲಿ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಇವರು ಆರು ಮಂದಿ ಜರ್ಸಿ ತೊಟ್ಟು ಗೆರೆಯ ಹತ್ತಿರ ನಿಂತರು. ಆಟದ ಹೊತ್ತಾಯಿತು. ಮಾಯಕ್ಕ ಗೇಟಿಗೆ ಹೋಗಿ ರಸ್ತೆ ನೋಡಿದರು, ತಿರುಗಿ ಬಂದರು, ಮತ್ತೆ ಹೋದರು. ಯಲ್ಲೇಶನ ಫೋನು ಬಂದ್ ಆಗಿತ್ತು. ಮನೆಯಿಂದ ಹೊರಟವನನ್ನು ಅವನ ತಂದೆ ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಕರೆದೊಯ್ದು ಫೋನು ಕಸಿದಿಟ್ಟಿದ್ದರೆಂದು ಗೊತ್ತಾದದ್ದು ಮರುದಿನ. ರೆಫರಿ ನಿಯಮಕ್ಕಿಂತ ಹೆಚ್ಚೇ ಕಾದರು. ಆಮೇಲೆ ಅವರೇ ಮಾಯಕ್ಕನ ಬಳಿಗೆ ಬಂದರು.

“ಏಳು ಮಂದಿ ಇಲ್ದ ಆಟ ಸುರು ಮಾಡಾಕ ಬರೂದಿಲ್ರಿ ಅಕ್ಕಾರ.”

“ಗೆಲ್ಲಾಕ ಬಂದಿಲ್ರಿ ಸರ,” ಎಂದರು ಮಾಯಕ್ಕ. “ಸೋಲಾಕ ಬಂದೇವಿ. ಸೋಲಾಕರ ಬಿಡ್ರಿ.”

ರೆಫರಿ ಕೈಗಡಿಯಾರ ನೋಡಿದರು. ಆಮೇಲೆ ಸೀಟಿ ಊದಿದರು. ಎದುರಾಳಿಗಳು ಗೆದ್ದರೆಂದು ಬರೆದುಕೊಂಡಾಯಿತು. ಚೆಂಡನ್ನು ಯಾರೂ ಮುಟ್ಟಿರಲಿಲ್ಲ. ಅಂದಿನ ಜರ್ಸಿಗಳನ್ನು ಒಗೆಯುವ ಗರಜು ಬೀಳಲಿಲ್ಲ ಎಂದು ಮಾಯಕ್ಕ ಹೇಳುತ್ತಾರೆ. ಮಡಚಿ ಚೀಲದಲ್ಲಿಟ್ಟರಂತೆ, ಅಷ್ಟೇ.

ವಾಪಸು ಬರುವಾಗ ರೈಲಿನಲ್ಲಿ ಸೊಹೈಲ ಅವರ ಎದುರಿಗೆ ಬಂದು ಕುಳಿತ. “ಅಕ್ಕಾ, ಅವತ್ತ ರೆಫರಿ ಮುಂದ ನಾ ಹಂಗ ಅನಬಾರದಿತ್ತು” ಎಂದ.

“ಖರೇನ ಹೇಳಿದೆಲ್ಲೋ,” ಎಂದರು ಮಾಯಕ್ಕ. ಅವನು ಕಿಟಕಿಯ ಕಡೆ ತಿರುಗಿದ. ಖಾನಾಪುರ ಬರುವವರೆಗೂ ತಿರುಗಿಕೊಂಡೇ ಇದ್ದ.

ಈ ವರ್ಷ ತಂಡ ಕಟ್ಟುವುದಿಲ್ಲ ಎಂದು ಕಾಲೇಜು ತೀರ್ಮಾನಿಸಿದೆ. ಮೈದಾನದ ಅರ್ಧ ಭಾಗದಲ್ಲಿ ಈಗ ಗಾಡಿಗಳು ನಿಲ್ಲುತ್ತವೆ. ವಾರ್ಷಿಕೋತ್ಸವದ ವರದಿಯಲ್ಲಿ ಫುಟ್‌ಬಾಲಿನ ಮಾತೇ ಬರಲಿಲ್ಲ. ಆ ದಿನ ಕುರ್ಚಿ ಹಾಕಿ, ಸಮಾರಂಭ ಮುಗಿದ ಮೇಲೆ ಕುರ್ಚಿ ತೆಗೆದವರು ಮಾಯಕ್ಕ. ಮುಜಮ್ಮಿಲ ಕೋಲಿಲ್ಲದೆ ನಡೆಯುತ್ತಾನೆ, ಓಡುವುದಿಲ್ಲ. ಭರ್ತಿಯ ದಿನ ಬಂದು ಹೋಯಿತು. ಒಂದು ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ.

ಸಂತೆಯ ದಿನ ಕೆಲಸ ಮುಗಿಸಿ ಮಾಯಕ್ಕ ಮುಜಮ್ಮಿಲನ ಮನೆಗೆ ಹೋಗುತ್ತಾರೆ. ಅವರು ಬಂದದ್ದು ಕಂಡರೆ ಮುಜಮ್ಮಿಲ ಎದ್ದು ಒಳಕೋಣೆಗೆ ಹೋಗುತ್ತಾನೆ.

“ಮಾತಾಡೂದಿಲ್ರಿ ಅಂವ. ಮಮ್ತಾಜ ಚಾ ಕೊಡತಾಳ, ಕುಡದ ಬರತೇನಿ.”

ಮಾತಾಡದವನ ಮನೆಗೆ ಯಾಕೆ ಹೋಗುತ್ತೀರಿ ಎಂದು ಕೇಳಿದೆ.

“ಹೋಗಲಿಲ್ಲಂದ್ರ, ಆಡಿಸಿ ಬಿಟ್ಟ ಹೋದ್ರು ಅಂತ ಆಗತೈತಿ.”

ಬಿಸಿಲು ಪಡಸಾಲೆಗೆ ಬಂದಿದೆ. ಮೊದಲ ಪಿರಿಯಡ್ಡಿನ ವಿದ್ಯಾರ್ಥಿಗಳು ಒದ್ದೆ ನೆಲದ ಮೇಲೆ ಹೆಜ್ಜೆ ಮೂಡಿಸುತ್ತ ಒಳಗೆ ಹೋಗುತ್ತಿದ್ದಾರೆ. ಅವರ ಹಿಂದೆಯೇ ಮಾಯಕ್ಕ ಮತ್ತೊಮ್ಮೆ ಒರೆಸುತ್ತಾರೆ. ಕಾಲೇಜಿನವರಿಗೆ ನಿಮ್ಮದೇನಾದರೂ ಕೇಳಿಕೆ ಇದೆಯೇ ಎಂದದ್ದಕ್ಕೆ, ನೌಕರಿ ಕಾಯಂ ಮಾಡಲಿ ಎನ್ನುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಒರೆಸುವ ಬಟ್ಟೆ ಹಿಂಡಿ, ಎದ್ದು ನಿಂತರು.

“ಮುಂದ ಯಾವಾಗರ ಹುಡುಗೂರನ್ನ ಆಡಾಕ ಕಳಸಿದ್ರ, ಅವರ ಸಂಗಾಟ ಮಾತಿಗೆ ಕಿಮ್ಮತ್ತ ಇರೋರನ್ನ ಕಳಸ್ರಿ ಅಂತ ಹೇಳ್ರಿ. ಕಾಲ ಬಾತೈತಿ, ಬ್ಯಾಡ ಅಂದ್ರ, ಬ್ಯಾಡ ಅಂತ ಆಗಬೇಕು,” ಎಂದರು. “ನನ್ನ ಕಳಸಬ್ಯಾಡ್ರಿ.”