ತಂಗಿಯ ಚೀಲ ಸುರಿಸಿದ ಸಂಜೆ

ಸಾಹಿತ್ಯದ ಪಾಠದಲ್ಲಿ ಏನು ಕಲಿಸುತ್ತಾರೆ ಎಂದು ನನಗೆ ತಿಳಿದದ್ದು ಕಾಫಿ ತೂಕ ಹಾಕುವ ಕಣದಲ್ಲಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತೊಂಬತ್ತರ ದಶಕದ ಕೊನೆಗೆ ಬಾಳೂರಿನ ಕಡೆ ಒಂದು ಕಾಫಿ ತೋಟದಲ್ಲಿ ಆಳುಗಳ ಮೇಲೆ ಮೇಸ್ತ್ರಿಯಾಗಿದ್ದೆ. ಅವ್ವ ಅಲ್ಲೇ ಹಣ್ಣು ಕುಯ್ಯುತ್ತಿದ್ದಳು. ತಂಗಿ ಮೂಡಿಗೆರೆಯಲ್ಲಿ ಬಿ.ಎ. ಓದುತ್ತಿದ್ದಳು. ಕನ್ನಡ ಲೆಕ್ಚರರ್ ಆಗಬೇಕು ಎನ್ನುವುದೊಂದೇ ಅವಳ ಹಟ.

ಒಂದು ಸಂಜೆ ತೋಟದ ಸಾಹುಕಾರರು ಜೀಪಿನಿಂದ ಇಳಿದವರೇ ಆಳುಗಳೆಲ್ಲರ ಎದುರಿಗೆ ಕೇಳಿದರು.

"ಏನ್ ಮಾರಾಯ ಮೇಸ್ತ್ರಿ, ನನ್ನ ಕಂಡ್ರೆ ಅಷ್ಟು ಹೆದ್ರಿಕೆನಾ? ಬೈಸ್ಕೊಂಡ ದಿನ ಊಟನೇ ಸೇರಲ್ವಂತೆ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರ ಮಗಳೂ ನನ್ನ ತಂಗಿಯೂ ಒಂದೇ ಕ್ಲಾಸು. ಕನ್ನಡ ಮೇಷ್ಟ್ರು ಒಂದು ಕಥೆ ಪಾಠ ಮಾಡಿ, ನಿಮ್ಮ ಮನೆಯ ಒಬ್ಬರ ಬಗ್ಗೆ ಮಾತಾಡಿ, ಅವರಲ್ಲಿ ನೀವು ಎಷ್ಟಿದ್ದೀರಿ ಹೇಳಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿದ್ದರಂತೆ. ತಂಗಿ ನನ್ನ ಬಗ್ಗೆ ಮಾತಾಡಿದ್ದಳು.

"ಇವ್ನು ಕೈ ಕಟ್ಕೊಂಡು ನಿಲ್ಲೋದನ್ನ ಮಾಡಿ ಬೇರೆ ತೋರ್ಸಿದ್ಲಂತೆ!"

ಹೆಂಗಸರು ನಕ್ಕರು. ಅಲ್ಲಿಯವರೆಗೆ ನನ್ನೆದುರು ಹಲ್ಲು ಬಿಡಲು ಹೆದರುತ್ತಿದ್ದವರು.

ಮನೆಗೆ ಹೋಗಿ ಅವಳನ್ನು ಹಿಡಿದುಕೊಂಡೆ. "ಮನೆ ಮಾನ ಕಾಲೇಜಲ್ಲಿ ಹರಾಜು ಹಾಕಿ ಬಂದ್ಯಾ?"

"ನಗ್ಸೋಕೆ ಹೇಳಿದ್ದಲ್ಲ ಅಣ್ಣ. ದೊಡ್ಡೋರು ಎದ್ರಿಗೆ ಬಂದ್ರೆ ನನ್ನ ಕೈನೂ ತಾನಾಗೇ ಕಟ್ಕೊಳ್ಳುತ್ತೆ. ನಾವಿಬ್ರೂ ಒಂದೇ ಥರ ಅಂತ ಹೇಳ್ದೆ. ಕೊನೇಲಿ ಯಾರೂ ನಗ್ಲಿಲ್ಲ."

ಅವಳು ಹೇಳಿದ್ದು ನಿಜವಾಗಿತ್ತು. ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಕುಯ್ಲಿನ ಕಾಲದಲ್ಲಿ ಕಾಲೇಜಿಗೆ ರಜೆಯಿದ್ದ ದಿನ ತಂಗಿಯೂ ಅವ್ವನ ಜೊತೆ ಬರುತ್ತಿದ್ದಳು. ಕೆಂಪು ಹಣ್ಣು ಮಾತ್ರ ಕುಯ್ಯಬೇಕು. ಚೀಲದಲ್ಲಿ ಹಸಿರು ಕಾಯಿ ಸಿಕ್ಕಿದರೆ ಅದನ್ನು ಎಲ್ಲರೆದುರು ಟಾರ್ಪಾಲಿನ ಮೇಲೆ ಸುರಿಸುತ್ತಿದ್ದೆವು. ಕುಯ್ದವಳೇ ಕೂತು ಕಾಯಿ ಆರಿಸಿ ತೆಗೆಯಬೇಕು. ಅದು ಮುಗಿಯುವವರೆಗೆ ಬೇರೆ ಯಾರ ಚೀಲವೂ ತೂಕಕ್ಕೆ ಏರುವುದಿಲ್ಲ. ಶಿಕ್ಷೆ ಇದ್ದದ್ದು ಹಾಗೆ ಎಲ್ಲರನ್ನೂ ಕಾಯಿಸುವುದರಲ್ಲಿ.

ಆ ಭಾನುವಾರ ಚೀಲಗಳನ್ನು ಸಾಲಾಗಿಟ್ಟು ಹೆಂಗಸರು ಕೈ ತೊಳೆಯಲು ತೊಟ್ಟಿಯ ಹತ್ತಿರ ಹೋಗಿದ್ದರು. ಹಿಂದಿನ ದಿನ ಆರಿಸಿ ಎಸೆದಿದ್ದ ಕಾಯಿ ಮೂಲೆಯಲ್ಲಿ ಬಿದ್ದಿತ್ತು. ಎರಡೂ ಕೈಯಲ್ಲಿ ಬಾಚಿ ತಂಗಿಯ ಚೀಲದೊಳಗೆ ಹಾಕಿ ಕೈಯಾಡಿಸಿದೆ. ತಲೆ ಎತ್ತಿದರೆ ಅವಳು ಒದ್ದೆ ಕೈಯಲ್ಲಿ ಅಲ್ಲೇ ನಿಂತಿದ್ದಳು.

ಆಗಲೂ ನಾನು ನಿಲ್ಲಿಸಬಹುದಿತ್ತು.

"ಈ ಚೀಲ ಯಾರ್ದು?" ಎಂದು ಗಟ್ಟಿಯಾಗಿ ಕೂಗಿದೆ.

"ನಂದು."

ಸುರಿಸಿದೆ. ಹೆಂಗಸರು ಗೊಣಗತೊಡಗಿದರು.

"ಕಾಲೇಜ್ ಓದ್ತಾಳೆ, ಹಣ್ಣು ಯಾವ್ದು ಕಾಯಿ ಯಾವ್ದು ಗೊತ್ತಿಲ್ವಲ್ಲೇ!"

"ಬೇಗ ಆರ್ಸೇ ತಾಯಿ, ಕತ್ಲಾಗ್ತಾ ಬಂತು, ನಮ್ ಮಕ್ಳು ಹಸ್ಕೊಂಡಿರ್ತಾವೆ."

ಅವ್ವ ಪಕ್ಕದಲ್ಲಿ ಕೂತು ಕೈ ಹಚ್ಚಿದಳು. "ಏಳವ್ವ ನೀನು. ಅವ್ಳೇ ಆರಿಸ್ಲಿ," ಎಂದೆ. ಅಷ್ಟಕ್ಕೂ ಬಿಡದೆ ತಂಗಿಯ ತಲೆಯ ಮೇಲೆ ಬಗ್ಗಿದೆ. "ಈಗ ಮಾಡಿ ತೋರ್ಸೇ, ನಿಮ್ಮಣ್ಣ ಎಂಥೋನು ಅಂತ. ಇವ್ರೂ ನೋಡ್ಲಿ."

ಹೆಂಗಸರು ಮತ್ತೆ ನಕ್ಕರು. ಈ ಸಲ ನನ್ನ ಕಡೆಗಿದ್ದು ನಕ್ಕರು. ಅವಳು ಒಂದು ಮಾತು ಆಡಿದ್ದರೆ ನಾನು ಆ ತೋಟದಲ್ಲಿ ಮುಖ ಎತ್ತಿ ತಿರುಗುವಂತಿರಲಿಲ್ಲ. ಆಡಲಿಲ್ಲ. ಕೊನೆಯ ಕಾಯಿ ತೆಗೆದಿಟ್ಟು, ಎದ್ದು, ಕೈ ಕಟ್ಟಿಕೊಂಡು ನಿಂತಳು.

"ಆಯ್ತು, ಮೇಸ್ತ್ರಿ."

ಆಮೇಲೆ ಕ್ಲಾಸಿನಲ್ಲಿ ಎಬ್ಬಿಸಿದರೆ ಅವಳು ಹಾಗೇ ಕೈ ಕಟ್ಟಿ ನಿಲ್ಲುತ್ತಾಳೆ, ಬಾಯಿ ಬಿಡುವುದಿಲ್ಲ ಎಂದು ಸಾಹುಕಾರರ ಮಗಳೇ ಹೇಳಿದಳು. ಕೇಳಿ ನನಗೆ ಸಮಾಧಾನವೇ ಆಯಿತು. ಪರೀಕ್ಷೆಗೆ ಮೊದಲೇ ತಂಗಿ ಕಾಲೇಜು ಬಿಟ್ಟಳು. ಬಿಡಬೇಡ ಎಂದು ನಾನು ಹೇಳಲಿಲ್ಲ. ಚಿಕ್ಕಮಗಳೂರಿಗೆ ಹೋಗಿ ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಟ್ಟ ಬೀಜ ಆರಿಸುವ ಕೆಲಸಕ್ಕೆ ಸೇರಿಕೊಂಡಳು.

ಕೆಲವು ವರ್ಷಗಳ ನಂತರ ಅವ್ವ ಹಾಸಿಗೆ ಹಿಡಿದಾಗ ತಂಗಿಯನ್ನು ಕರೆದುಕೊಂಡು ಬರಲು ಹೋದೆ. ಕೆಲಸ ಮುಗಿಸಿ ಗೇಟಿನ ಹೊರಗೆ ಬಂದಳು. ಜೊತೆಯವಳು ನನ್ನನ್ನೇ ನೋಡಿದಳು.

"ಯಾರೇ ಇವ್ರು? ಮುಖ ನಿನ್ ಥರಾನೇ ಇದೆ."

"ನಮ್ಮೂರ ಕಡೆ ತೋಟದ ಮೇಸ್ತ್ರಿ," ಎಂದಳು ತಂಗಿ.

ಅಣ್ಣ ಎಂದು ನಾನೇ ಹೇಳಬಹುದಿತ್ತು. ಅವ್ವನಿಗೆ ಹುಷಾರಿಲ್ಲ, ಬಾ ಎಂದೆ.

"ಗೊತ್ತು. ನಿನ್ನೆ ಬಂದು ನೋಡ್ಕೊಂಡು ಹೋದೆ. ನೀವು ತೋಟಕ್ಕೆ ಹೋದ್ಮೇಲೆ ಬರ್ತೀನಿ, ಯಾವಾಗ್ಲೂ."