ಮೇಣದಲ್ಲಿ ಮಲಗಿದ್ದ ಗಂಟು

ಹಾವೇರಿ ಸೀಮೆಯ ರೋಗಪರೀಕ್ಷೆಯ ಕ್ಷೇತ್ರದಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಾಗಿಯೇ ಕಳೆದು, ಈಗ ನಿವೃತ್ತರಾಗುತ್ತಿರುವ ಡಾ. ಮಹೇಶ್ವರಿ ಅವರನ್ನು ಹೊಗಳುವುದು ಸುಲಭ. ಹೊಗಳಿಸಿಕೊಳ್ಳಲು ಅವರನ್ನು ಕೂರಿಸುವುದು ಕಷ್ಟ. ಆ ಕಷ್ಟವನ್ನು ಚೆನ್ನಾಗಿ ಬಲ್ಲವಳು ಪ್ರಯೋಗಾಲಯದ ಸಹಾಯಕಿ, ಬ್ಯಾಡಗಿಯ ಶಾಹೀನ್.

ಸುತ್ತಲಿನ ಹೆಂಗಸರ ಎದೆಯಿಂದ ತೆಗೆದ ಗಂಟುಗಳ ಚೂರುಗಳನ್ನು ಅಲ್ಲಿ ಮೇಣದ ಬಿಲ್ಲೆಗಳಲ್ಲಿ ಹುದುಗಿಸಿ ಕಪಾಟಿನಲ್ಲಿಡುತ್ತಿದ್ದರು. ಗುಣವಾದವರು ಬಂದು ಕೇಳಿದರೆ ಡಾಕ್ಟರು ಅವರವರ ಬಿಲ್ಲೆ ತೆಗೆದು ತೋರಿಸುವುದು ವಾಡಿಕೆ. ರಾಣೆಬೆನ್ನೂರು ಕಡೆಯ ಕುಪ್ಪೇಲೂರಿನಿಂದ ಗುತ್ತೆವ್ವ ವರ್ಷಕ್ಕೊಮ್ಮೆ ಬಂದು, ತನ್ನ ಬಿಲ್ಲೆಗೆ ಕಿವಿಗೊಟ್ಟು, “ಮಲ್ಕೊಂಡೈತ್ರಿ ಬಾಯಾರ, ಎಬ್ಬಿಸಬ್ಯಾಡ್ರಿ” ಎನ್ನುತ್ತಿದ್ದಳು. ಶಾಹೀನ್ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಡಾಕ್ಟರು ಮಾತ್ರ ಗಂಭೀರವಾಗಿ ತಲೆಯಾಡಿಸಿ, ಮುದುಕಿಯನ್ನು ಬಸ್ಸಿಗೆ ಹತ್ತಿಸಿ ಬರುತ್ತಿದ್ದರು.

ಕೊನೆಗೆ ಎಬ್ಬಿಸಿದವರು ಡಾಕ್ಟರೇ. ಸ್ತನ ಕ್ಯಾನ್ಸರಿನಲ್ಲಿ ವೈರಸ್ಸುಗಳ ಪಾತ್ರವೂ ಇರಬಹುದೇ ಎಂಬ, ಇನ್ನೂ ತೀರ್ಮಾನವಾಗದ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಕಳೆದ ವರ್ಷ ಅರವತ್ತು ಕ್ಯಾನ್ಸರ್ ಬಿಲ್ಲೆಗಳಿಂದಲೂ, ಹೋಲಿಕೆಗೆಂದು ಕ್ಯಾನ್ಸರಲ್ಲದ, ನಿರಪಾಯದ ಇಪ್ಪತ್ತು ಗಂಟುಗಳಿಂದಲೂ ತೆಳು ಪದರ ತೆಗೆದು, ಹೆಸರು ಮರೆಮಾಡಿ ಅಂಕಿಯಷ್ಟೇ ಹಾಕಿ ಪರೀಕ್ಷೆಗೆ ಕಳಿಸಿದರು. ಒಂಬತ್ತು ಕ್ಯಾನ್ಸರ್ ಗಂಟುಗಳಲ್ಲಿ ಪ್ಯಾಪಿಲೋಮಾ ವೈರಸ್ಸಿನ ಕುರುಹು ಸಿಕ್ಕಿತು. ನಿರಪಾಯದವುಗಳಲ್ಲಿ ಒಂದರಲ್ಲೂ ಸಿಕ್ಕಿತು. ಶಾಹೀನ್ ಆ ಅಂಕಿಯ ಹೆಸರು ಹುಡುಕಿದಳು. ಹದಿನಾಲ್ಕು ವರ್ಷದ ಹಿಂದಿನ ನಮೂದು, ಡಾಕ್ಟರದೇ ಅಕ್ಷರ: ಮಹೇಶ್ವರಿ. ಇಪ್ಪತ್ತಕ್ಕೆ ಒಂದು ಕಡಿಮೆಯಾಯಿತೆಂದು ತಮ್ಮದೇ ಹಳೆಯ ಗಂಟನ್ನು ಸೇರಿಸಿ ಮರೆತುಬಿಟ್ಟಿದ್ದರು.

“ಕುರುಹು ಸಿಕ್ಕರ ಕಾರಣ ಆತೇನು? ಅಂಜಬ್ಯಾಡ,” ಎಂದು ಅವರು ನಕ್ಕರು. ಆದರೆ ಊರ ಹೆಂಗಸರನ್ನೆಲ್ಲ ತಪಾಸಣೆಗೆ ಗದರಿಸಿ ಅಟ್ಟುತ್ತಿದ್ದ ಈ ಮಹಾತಾಯಿ, ತಾವು ಎಂಟು ವರ್ಷದಿಂದ ಅತ್ತ ಸುಳಿದಿರಲಿಲ್ಲ!

ಮರುದಿನ ಬೆಳಿಗ್ಗೆ ಶಾಹೀನ್ ಬಂದಾಗ, ಗುತ್ತೆವ್ವ ನಿಲ್ಲುತ್ತಿದ್ದ ಜಾಗದಲ್ಲೇ ಡಾಕ್ಟರು ನಿಂತಿದ್ದರು. ತಮ್ಮದೇ ಬಿಲ್ಲೆ ಕಿವಿಯ ಬಳಿಯಿತ್ತು.

“ಮಲ್ಕೊಂಡೈತೇನು, ಶಾಹೀನ್?”

“ನೋಡೂಣು ಬರ್ರಿ ಮೇಡಂ,” ಎಂದು ಅವಳು ಕೈಹಿಡಿದು ತಪಾಸಣೆಗೆ ಕರೆದೊಯ್ದಳು.

ತಪಾಸಣೆಯಲ್ಲಿ ರೋಗದ ಸುಳಿವೇನೂ ಕಾಣಲಿಲ್ಲ. ಶಾಹೀನ್ ಅತ್ತೇಬಿಟ್ಟಳು. ಅವಳನ್ನು ಗೇಲಿ ಮಾಡಿದ ಡಾಕ್ಟರೇ, ಮೊನ್ನೆ ಕಪಾಟಿನ ಕೀಲಿ ಒಪ್ಪಿಸುವಾಗ ದನಿ ತಗ್ಗಿಸಿ, “ವರ್ಷಕ್ಕೊಮ್ಮೆ ಬರ್ತೇನಿ, ತೋರಸು” ಎಂದರು.

ಬರಲಿ. ಅವರ ಪ್ರಶ್ನೆಗೆ ಅವರ ಕೈಯಿಂದಲೇ ಉತ್ತರ ಸಿಗಲಿ. ಕೂದಲು ಪೂರ್ತಿ ನರೆತು, ಕಿವಿ ಮಂದವಾಗಿ, ಬಿಲ್ಲೆ ಹಿಡಿದು ಶಾಹೀನಳನ್ನೇ ಕೇಳುವಷ್ಟು ವರ್ಷ ಆ ಕಪಾಟಿನ ಮುಂದೆ ಬಂದು ನಿಲ್ಲಲಿ. ಅದು ಮಲಗಿಯೇ ಇರಲಿ.